ನಾಯಿಯ ಮೈಮೇಲೆ ಗಂಟು ಕೈಗೆ ಸಿಕ್ಕಾಗ

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಾಯಿಯ ಮೈ ಸವರುವಾಗ ಸಿಗುವ ಗಂಟು ಎಷ್ಟೋ ಸಲ ಗಂಟೇ ಅಲ್ಲ, ರಕ್ತ ಕುಡಿದು ಉಬ್ಬಿದ ಉಣುಗು. ಕಿವಿಯ ಒಳಮಗ್ಗುಲು, ಬೆರಳ ಸಂದು, ಕತ್ತುಪಟ್ಟಿಯ ಅಡಿ ಕೂದಲು ಬಿಡಿಸಿ ನೋಡಿ. ಬೂದು ಬಣ್ಣದ ಕಾಳಿನ ಬುಡದಲ್ಲಿ ಸಣ್ಣ ಕಾಲುಗಳು ಕಂಡರೆ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಬರಿಗೈಯಲ್ಲಿ ಹಿಸುಕುವುದಂತೂ ಕೂಡದು. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ.

ಕಾಲು ಕಾಣದಿದ್ದರೆ ಅದು ಗಂಟು. ವಯಸ್ಸಾದ, ದಪ್ಪಗಾದ ಲ್ಯಾಬ್ರಡಾರ್‌ನ ಪಕ್ಕೆಯಲ್ಲಿ ಚರ್ಮದಡಿ ಮೆತ್ತಗೆ ಜಾರಾಡುವುದು ಬಹುಪಾಲು ಬರಿ ಕೊಬ್ಬು. ಎಳೆಯ ನಾಯಿಯ ಮುಖ, ಕಿವಿಯ ಮೇಲೆ ಅಂಗಿ ಗುಂಡಿಯಂತೆ ಕೆಂಪಗೆ ಏಳುವ, ಹಿಸ್ಟಿಯೊಸೈಟೋಮ ಎಂಬ ಅಪಾಯವಿಲ್ಲದ ಗಡ್ಡೆ ಎರಡು ಮೂರು ತಿಂಗಳಲ್ಲಿ ತಾನೇ ಕರಗುವುದುಂಟು.

ತೊಡಕಿರುವುದು ಮಾಸ್ಟ್ ಸೆಲ್ ಗಡ್ಡೆಯಲ್ಲಿ. ಇದು ಕ್ಯಾನ್ಸರ್. ಆದರೂ ಕೊಬ್ಬಿನ ಗಂಟಿನಷ್ಟೇ ಮೆತ್ತಗಿರಬಲ್ಲದು, ಹುಳು ಕಡಿದ ದದ್ದಿನ ಹಾಗೂ ಕಾಣಬಲ್ಲದು. ಇದರ ಕೋಶಗಳಲ್ಲಿ ಊತ, ಕೆಂಪು ತರುವ ಹಿಸ್ಟಮಿನ್ ಎಂಬ ರಾಸಾಯನಿಕ ತುಂಬಿರುತ್ತದೆ. ಉಜ್ಜಿದರೆ ಅದು ಹೊರಬಿದ್ದು ಗಂಟು ನೋಡನೋಡುತ್ತಲೇ ಊದಿ ಕೆಂಪಾಗುತ್ತದೆ, ಮತ್ತೆ ಇಳಿಯುತ್ತದೆ. ‘ನಿನ್ನೆಗಿಂತ ಸಣ್ಣದಾಗಿದೆ’ ಎಂದು ಸುಮ್ಮನಾಗುವವರು ಮೋಸಹೋಗುವುದು ಇಲ್ಲೇ. ಸುಣ್ಣ-ಬೆಲ್ಲ ಹಚ್ಚುವುದು, ಹಿಸುಕಿ ಕೀವು ತೆಗೆಯಲು ನೋಡುವುದು ಅಪಾಯ ಎನ್ನುವುದೂ ಇದಕ್ಕೇ.

ಎಷ್ಟೇ ಪಳಗಿದ ವೈದ್ಯರಾದರೂ ಬರಿ ಮುಟ್ಟಿ ಖಚಿತವಾಗಿ ಹೇಳಲಾರರು. ಸೂಜಿ ಹಾಕಿಯೇ ನೋಡಬೇಕು. ಗಂಟು 1 ಸೆಂ.ಮೀ. ಮುಟ್ಟಿದರೆ ಇಲ್ಲವೇ ತಿಂಗಳಾದರೂ ಹೋಗದಿದ್ದರೆ ಪರೀಕ್ಷೆ ಮಾಡಿಸಿ. ಗಂಟನ್ನು ಎರಡು ಬೆರಳ ನಡುವೆ ಬಿಗಿಹಿಡಿದು, 22 ಗೇಜ್ ಸೂಜಿಯನ್ನು ಒಳಗೆ ನಾಲ್ಕಾರು ಸಲ ಆಡಿಸಿ, ಸೂಜಿಯಲ್ಲಿ ಉಳಿದದ್ದನ್ನು ಸಿರಿಂಜಿನ ಗಾಳಿಯಿಂದ ಗಾಜಿನ ಸ್ಲೈಡ್ ಮೇಲೆ ಚಿಮ್ಮಿಸಿ, ತೆಳ್ಳಗೆ ಸವರಿ ಬಣ್ಣ ಹಾಕುತ್ತಾರೆ. ಸಾಮಾನ್ಯವಾಗಿ ಅರಿವಳಿಕೆ ಬೇಕಿಲ್ಲ. ಎಣ್ಣೆ ಹನಿಗಳಷ್ಟೇ ಬಂದರೆ ಕೊಬ್ಬಿನ ಗಂಟು. ಕೋಶಗಳ ತುಂಬ ನೇರಳೆ ಹರಳುಗಳಿದ್ದರೆ ಮಾಸ್ಟ್ ಸೆಲ್. ಬರಿ ರಕ್ತ ಬಂದರೆ ಫಲಿತಾಂಶವೇ ಇಲ್ಲವೆಂದು ತಿಳಿದು ಮತ್ತೊಮ್ಮೆ ತೆಗೆಸಬೇಕು. ಊರಿನ ಪಶು ಆಸ್ಪತ್ರೆಯಲ್ಲಿ ಅನುಕೂಲವಿಲ್ಲದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಅಲ್ಲಿಯತನಕ 10 ರೂಪಾಯಿ ನಾಣ್ಯವನ್ನು ಪಕ್ಕದಲ್ಲಿಟ್ಟು ಫೋಟೋ ತೆಗೆದಿಡಿ. ಅದರ ಅಗಲ 27 ಮಿ.ಮೀ., ಹಾಗಾಗಿ ಗಂಟು ಬೆಳೆದಿದ್ದರೆ ಗೊತ್ತಾಗುತ್ತದೆ.

ಕಾಯಬಾರದ ಸಂದರ್ಭಗಳೂ ಇವೆ. ವಾರದೊಪ್ಪತ್ತಿನಲ್ಲಿ ದೊಡ್ಡದಾದದ್ದು, ಒಡೆದು ಒಸರುವುದು, ಬುಡ ಅಂಟಿಕೊಂಡು ಅಲುಗದ್ದು, ಜೊತೆಗೆ ವಾಂತಿ ಅಥವಾ ಕಪ್ಪು ಮಲ ಕಂಡದ್ದು, ಇವನ್ನು ಒಂದೆರಡು ದಿನದೊಳಗೆ ತೋರಿಸಿ. ದವಡೆಯ ಕೆಳಗೆ, ಹಿಂಗಾಲ ಮಂಡಿಯ ಹಿಂದೆ ಎರಡೂ ಬದಿ ಊದಿದ್ದರೆ ಅವು ಚರ್ಮದ ಗಂಟಲ್ಲ, ರೋಗಾಣುಗಳ ವಿರುದ್ಧ ಹೋರಾಡುವ ದುಗ್ಧರಸ ಗ್ರಂಥಿಗಳು (ಲಿಂಫ್ ನೋಡ್). ಉಣುಗಿನಿಂದ ಬರುವ ಜ್ವರವಿರಬಹುದು, ಲಿಂಫೋಮ ಎಂಬ ಕ್ಯಾನ್ಸರೂ ಇರಬಹುದು. ಸಂತಾನಹರಣ ಮಾಡಿಸದ ಹೆಣ್ಣುನಾಯಿಯನ್ನು ಅಂಗಾತ ಮಲಗಿಸಿ ಪ್ರತಿ ಮೊಲೆಯ ಸುತ್ತಲೂ ಒತ್ತಿ ನೋಡಿ, ಹಿಂದಿನ ಎರಡು ಜೋಡಿಗಳನ್ನು ಇನ್ನಷ್ಟು ಗಮನವಿಟ್ಟು. ಅಲ್ಲಿನ ಗಡ್ಡೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ, ಕಾಳಿನಷ್ಟಿದ್ದಾಗಲೇ ತೆಗೆಸುವುದು ಒಳ್ಳೆಯದು.

ತೆಗೆಸಿದ ಗಡ್ಡೆಯನ್ನು ಬಿಸಾಡಲು ಬಿಡಬೇಡಿ. ಅದರ ಗಾತ್ರದ ಹತ್ತು ಪಟ್ಟು 10% ಫಾರ್ಮಲಿನ್‌ನಲ್ಲಿ (ಕೊಳೆಯದಂತೆ ಕಾಪಾಡುವ ದ್ರಾವಣ) ಮುಳುಗಿಸಿ ಲ್ಯಾಬಿಗೆ ಕಳಿಸಬೇಕು. ವರದಿ ಬಂದಾಗ ಗಡ್ಡೆಯ ಹೆಸರಿನ ಜೊತೆಗೆ, ಕತ್ತರಿಸಿದ ಅಂಚಿನಲ್ಲಿ ರೋಗದ ಕೋಶ ಉಳಿದಿದೆಯೇ ಎಂದೂ ವೈದ್ಯರನ್ನು ಕೇಳಿ. ಮತ್ತೊಂದು ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬುದು ಬಹಳಮಟ್ಟಿಗೆ ಅದರ ಮೇಲೆ ನಿಂತಿದೆ.