ಮಲೆನಾಡಿಗೊಂದು ಜಾಝ್ ಗಿಟಾರ್: ಗಟ್ಟಿ ಮರವೋ, ಪದರ ಮರವೋ?

ಮೇ ತಿಂಗಳ ಒಂದು ಮಧ್ಯಾಹ್ನ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ ಗೌಡರೊಬ್ಬರು ಮಗನನ್ನು ಕರೆದುಕೊಂಡು ಶಿವಮೊಗ್ಗದ ನನ್ನ ರಿಪೇರಿ ಅಂಗಡಿಗೆ ಬಂದರು. ಹುಡುಗ ಎರಡು ವರ್ಷದಿಂದ ಜಾಝ್ ಅಭ್ಯಾಸ ಮಾಡುತ್ತಿದ್ದ. ಈಗ ಅವನಿಗೆ ಆರ್ಚ್‌ಟಾಪ್ ಬೇಕಿತ್ತು. ಅಪ್ಪ ಹಾಕಿದ ಮಿತಿ 60 ಸಾವಿರ. ಯಾರೋ ಮಾರಲೆಂದು ನನ್ನಲ್ಲಿ ಇಟ್ಟುಹೋಗಿದ್ದ ಹಳೆಯ ಐಬನೆಜ್ ಎಎಫ್75 ಒಂದಿತ್ತು, 38 ಸಾವಿರಕ್ಕೆ. ಅದನ್ನು ಹುಡುಗನ ಕೈಗೆ ಕೊಟ್ಟೆ. ಅವನು ನುಡಿಸುತ್ತಿದ್ದರೆ ಗೌಡರು ಕನ್ನಡಕ ಏರಿಸಿಕೊಂಡು, ಗಿಟಾರಿನ ಎದೆಯ ಮೇಲಿನ ಎಫ್ ಆಕಾರದ ರಂಧ್ರದ ಅಂಚನ್ನೇ ನೋಡುತ್ತಿದ್ದರು. ಬಣ್ಣ ಸವೆದ ಕಡೆ ಮರದ ಪದರಗಳು ಕಾಣುತ್ತಿದ್ದವು.

"ಪ್ಲೈವುಡ್ಡಿಗೆ ಇಷ್ಟು ದುಡ್ಡೇ ಮಾರಾಯರೇ?" ಎಂದರು.

ಮಲೆನಾಡಿನವರಿಗೆ ಮರದ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಸಾಗುವಾನಿ, ಬೀಟೆ, ಹಲಸು, ಹೊನ್ನೆ ಎಲ್ಲವನ್ನೂ ಮುಟ್ಟಿಯೇ ಗುರುತಿಸುವ ಜನ. ಅವರ ಕಣ್ಣಿಗೆ ಪ್ಲೈವುಡ್ ಎಂದರೆ ಅಗ್ಗದ ಮಾಲು. ಈ ಪ್ರಶ್ನೆಯನ್ನು ನನಗೆ ಕೇಳಿದವರಲ್ಲಿ ಗೌಡರು ಮೊದಲಿಗರಲ್ಲ. ಹಾಗಾಗಿ ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಆರ್ಚ್‌ಟಾಪ್ ಎಂದರೆ ಎದೆಯ ಹಲಗೆ ಪಿಟೀಲಿನಂತೆ ಉಬ್ಬಿರುವ ಗಿಟಾರ್. ತಂತಿಗಳು ಅವನ್ನು ಎತ್ತಿ ಹಿಡಿಯುವ ಒಂದು ಕುದುರೆಯ (ಬ್ರಿಜ್) ಮೇಲೆ ಹಾದು, ಹಿಂದಿನ ಟೇಲ್‌ಪೀಸಿಗೆ ಕಟ್ಟಿಕೊಂಡಿರುತ್ತವೆ. ಆ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಯ ಒತ್ತಡದಿಂದಲೇ ಅದು ನಿಂತಿರುತ್ತದೆ. ಉಬ್ಬನ್ನು ಮಾಡುವ ದಾರಿ ಎರಡು. ಸ್ಪ್ರೂಸ್ ಎಂಬ ಮರದ ದಪ್ಪ ಹಲಗೆಯನ್ನು, ನಮ್ಮ ಸಾಗರ ಸೊರಬದ ಗುಡಿಗಾರರು ಶ್ರೀಗಂಧ ಕೆತ್ತುವ ತಾಳ್ಮೆಯಲ್ಲಿ, ಒಳಗೂ ಹೊರಗೂ ಕೆತ್ತಿ ತೆಗೆಯುವುದು ಒಂದು. ತೆಳು ಪದರಗಳಿಗೆ ಅಂಟು ಸವರಿ ಅಚ್ಚಿನಲ್ಲಿ ಒತ್ತುವುದು ಇನ್ನೊಂದು. ಮೊದಲನೆಯದರಲ್ಲಿ ಒಳ್ಳೆಯ ಕೆಲಸ ಬೇಕೆಂದರೆ ಲಕ್ಷಗಳ ಮಾತು.

ಕೆತ್ತಿದ ಎದೆ ಹುಟ್ಟಿದ್ದಕ್ಕೆ ಕಾರಣವಿದೆ. ಗಿಬ್ಸನ್ ಕಂಪನಿ 1922ರಲ್ಲಿ ಎಲ್-5 ಗಿಟಾರನ್ನು ಹೊರತಂದಾಗ ಗಿಟಾರಿಗೆ ವಿದ್ಯುತ್ತಿನ ಆಸರೆ ಇರಲಿಲ್ಲ. ತುತ್ತೂರಿ, ಡ್ರಮ್ಮುಗಳ ನಡುವೆ ಬರಿಯ ಮರವೇ ಕೂಗಿ ಹೇಳಬೇಕಿತ್ತು. 1936ರಲ್ಲಿ ಅದೇ ಕಂಪನಿಯ ಇಎಸ್-150, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಸಮೇತ ಬಂತು. ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅದನ್ನು ಹಿಡಿದು, ಗಿಟಾರ್ ಕೂಡ ಸ್ಯಾಕ್ಸೋಫೋನಿನಂತೆ ಮುಂದೆ ನಿಂತು ಮಾತನಾಡಬಲ್ಲದು ಎಂದು ತೋರಿಸಿದರು. ಆಗ ಹೊಸ ತೊಂದರೆ ಶುರುವಾಯಿತು. ಸಲೀಸಾಗಿ ಕಂಪಿಸುವ ಎದೆ ಸ್ಪೀಕರಿನ ಸದ್ದಿಗೂ ಕಂಪಿಸಿ ಊಳಿಡುತ್ತದೆ. 1949ರಲ್ಲಿ ಬಂದ ಇಎಸ್-175 ಗಿಟಾರಿನ ಎದೆ ಪದರ ಮೇಪಲ್ಲಿನದು. ಅದರಿಂದ ಬೆಲೆಯೂ ಇಳಿಯಿತು, ಊಳೂ ತಗ್ಗಿತು. ಜೋ ಪಾಸ್, ಜಿಮ್ ಹಾಲ್, ಹರ್ಬ್ ಎಲಿಸ್ ನುಡಿಸಿದ್ದು ಅದನ್ನು. ನಾವು ಧ್ವನಿಮುದ್ರಿಕೆಗಳಲ್ಲಿ ಕೇಳಿ 'ಇದು ಜಾಝ್ ಗಿಟಾರಿನ ನಾದ' ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಆ ಮಂದ್ರ, ದುಂಡನೆಯ ನಾದದ ದೊಡ್ಡ ಪಾಲು ಪದರ ಮರದ್ದೇ.

ಇಷ್ಟು ಹೇಳಿದರೂ ಗೌಡರ ಮುಖ ಸಡಿಲವಾಗಲಿಲ್ಲ. ಆಗ ಅವರ ಮನೆಯ ಬಾಗಿಲಿನ ಬಗ್ಗೆ ಕೇಳಿದೆ. ಆರಿದ್ರಾ ಮಳೆ ಹಿಡಿದುಕೊಂಡಾಗ ಹಳೆಯ ಹಲಗೆ ಬಾಗಿಲು ಹೊಸ್ತಿಲಿಗೆ ತಾಗುತ್ತದೆಯೋ, ಪಕ್ಕದ ದಾರಂದಕ್ಕೆ ಕಚ್ಚಿಕೊಳ್ಳುತ್ತದೆಯೋ? "ಪಕ್ಕಕ್ಕೆ. ಉದ್ದಕ್ಕೆ ಯಾವ ಮರ ಬೆಳೆಯುತ್ತದೆ?" ಎಂದರು. ಪ್ಲೈವುಡ್ ಬಾಗಿಲು? ಅವರು ಸುಮ್ಮನಾದರು.

ವಿಷಯ ಅಲ್ಲೇ ಇದೆ. ಮರ ತೇವ ಹೀರಿದಾಗ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಪದರಗಳನ್ನು ನಾರು ಅಡ್ಡತಿಡ್ಡ ಬರುವಂತೆ ಅಂಟಿಸಿದರೆ ಒಂದರ ಹಿಗ್ಗುವಿಕೆಯನ್ನು ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಗಿಟಾರಿಗೆ ಹಿತವಾದ ಗಾಳಿಯ ತೇವಾಂಶ ಶೇ 45ರಿಂದ 55. ಜುಲೈ ತಿಂಗಳಲ್ಲಿ ಆಗುಂಬೆ, ಹೊಸನಗರ, ಕೊಪ್ಪದ ಮನೆಗಳಲ್ಲಿ ಅದು ದಿನಗಟ್ಟಲೆ ಶೇ 90 ದಾಟಿರುತ್ತದೆ. ಮಾರ್ಚ್ ಬಂತೆಂದರೆ ಶಿವಮೊಗ್ಗದ ಹಾಸ್ಟೆಲ್ ಕೋಣೆಯಲ್ಲಿ ಮರ ಒಣಗಿ ಕುಗ್ಗುತ್ತದೆ. ನಮ್ಮ ಹುಡುಗರ ಗಿಟಾರುಗಳು ಈ ಎರಡರ ನಡುವೆ ಬಸ್ಸಿನಲ್ಲಿ ಓಡಾಡುತ್ತವೆ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಈ ಕೆಲಸಕ್ಕೆ ಇಳಿದ ಹೊಸತರಲ್ಲಿ ಮೇಷ್ಟರೊಬ್ಬರಿಗೆ ನಾನೇ ಒತ್ತಾಯ ಮಾಡಿ ಕೆತ್ತಿದ ಎದೆಯ ಗಿಟಾರ್ ಕೊಡಿಸಿದ್ದೆ. ಅವರ ಮಟ್ಟಿಗೆ ಅದು ದೊಡ್ಡ ಮೊತ್ತ. ಮೊದಲ ಮಳೆಗಾಲದಲ್ಲಿ ಎದೆ ಉಬ್ಬಿ ತಂತಿ ಮೇಲೆದ್ದಿತು. ಕುದುರೆಯನ್ನು ತಗ್ಗಿಸಿಕೊಟ್ಟೆ. ಫೆಬ್ರವರಿಯಲ್ಲಿ ಎದೆ ಇಳಿದು ತಂತಿ ಫ್ರೆಟ್ಟಿಗೆ, ಅಂದರೆ ಬೆರಳುಪಟ್ಟಿಯ ಮೇಲಿನ ಲೋಹದ ಅಡ್ಡಪಟ್ಟಿಗೆ, ಬಡಿದು ಗಿರಿಗುಟ್ಟಿತು. ಎತ್ತಿಕೊಟ್ಟೆ. ಎರಡನೆಯ ಬೇಸಿಗೆಯಲ್ಲಿ ಎಫ್ ರಂಧ್ರದ ತುದಿಯಿಂದ ಕೂದಲೆಳೆಯಷ್ಟು ಸಣ್ಣ ಬಿರುಕು ಹೊರಟಿತು. ಅದನ್ನು ಅಂಟಿಸಿ, ಒಳಗಿನಿಂದ ಪಟ್ಟಿ ಕೊಟ್ಟು ಸರಿಮಾಡಿದೆ. ಆದರೆ ಮೇಷ್ಟರು ಗಿಟಾರನ್ನು ಬಟ್ಟೆ ಸುತ್ತಿ ತಂದು ಮೇಜಿನ ಮೇಲೆ ಇಟ್ಟ ರೀತಿ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಕೆತ್ತಿದ ಎದೆ ಕೀಳಲ್ಲ. ತೇವಾಂಶ ಹತೋಟಿಯಲ್ಲಿರುವ ಕೋಣೆ ಇದ್ದವರಿಗೆ, ಆಂಪ್ಲಿಫೈಯರ್ ಇಲ್ಲದೆ ನುಡಿಸುವವರಿಗೆ ಅದರ ಸುಖವೇ ಬೇರೆ. ಆದರೆ ಹಣ ಕಡಿಮೆ ಇದ್ದಾಗ, ಕಡಿಮೆ ಬೆಲೆಯ 'ಗಟ್ಟಿ ಮರ'ಕ್ಕೆ ಆಸೆಪಡುವುದಕ್ಕಿಂತ ಚೆನ್ನಾಗಿ ಮಾಡಿದ ಪದರ ಮರವನ್ನು ಕೊಳ್ಳಿ ಎಂದು ನಾನು ಕೈಹಿಡಿದು ಹೇಳುತ್ತೇನೆ.

ಹೊಸದಕ್ಕೆ ಹೋಗುವವರು ಐಬನೆಜ್‌ನ ಆರ್ಟ್‌ಕೋರ್ ಎಎಫ್ ಸಾಲು, ಎಪಿಫೋನ್‌ನ ಟೊಳ್ಳು ಗಿಟಾರುಗಳು, ಸ್ವಲ್ಪ ಹೆಚ್ಚು ಕೊಡಬಲ್ಲವರು ಈಸ್ಟ್‌ಮನ್ ಎಆರ್371 ನೋಡಬಹುದು. ಕೆನಡಾದ ಗೋಡಿನ್ ಕಂಪನಿಯ ಫಿಫ್ತ್ ಅವೆನ್ಯೂ ಕಾಡುಚೆರ್ರಿಯ ಪದರಗಳಿಂದ ಮಾಡಿದ್ದು. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ನನಗೆ ಇವುಗಳಲ್ಲೆಲ್ಲ ಅದೇ ಇಷ್ಟ. ಒಂದು ಎಚ್ಚರ: ಅಂಗಡಿಗಳಲ್ಲಿ 'ಜಾಝ್ ಗಿಟಾರ್' ಎಂದು ತೋರಿಸುವ ಹಲವು ಗಿಟಾರುಗಳ ಹೊಟ್ಟೆಯೊಳಗೆ ನಡುವೆ ಮರದ ದಿಮ್ಮಿ ಇರುತ್ತದೆ. 1958ರ ಇಎಸ್-335 ಮಾದರಿಯವು. ಒಳ್ಳೆಯ ವಾದ್ಯಗಳೇ, ಆದರೆ ನಾದ ಬೇರೆ. ಎಫ್ ರಂಧ್ರದೊಳಗೆ ಮೊಬೈಲ್ ಟಾರ್ಚ್ ಬಿಟ್ಟರೆ ಗೊತ್ತಾಗುತ್ತದೆ.

ಹೆಸರಿಗಿಂತ ನಾನು ಹೆಚ್ಚು ಹೊತ್ತು ನೋಡುವುದು ನೆಕ್ಕನ್ನು, ಅಂದರೆ ಗಿಟಾರಿನ ಉದ್ದನೆಯ ಕತ್ತನ್ನು. ಮೊದಲ ಫ್ರೆಟ್ಟನ್ನೂ ನೆಕ್ಕು ಒಡಲಿಗೆ ಸೇರುವಲ್ಲಿನ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ ಹಿಡಿದರೆ, ಏಳನೆಯ ಫ್ರೆಟ್ಟಿನ ಬಳಿ ತಂತಿಯ ಕೆಳಗೆ ಒಂದು ದಪ್ಪ ಕಾಗದ ತೂರುವಷ್ಟು ಮಾತ್ರ ಸಂದು ಇರಬೇಕು. ಹೆಚ್ಚಿದ್ದರೆ ನೆಕ್ಕಿನೊಳಗಿನ ಲೋಹದ ಸರಳು, ಟ್ರಸ್ ರಾಡ್, ತಿರುಗಿಸಿ ಸರಿಮಾಡಬಹುದು, ಅದು ತಿರುಗುತ್ತದೆಯೇ ಎಂದು ಕೊಳ್ಳುವ ಮುನ್ನವೇ ನೋಡಿ. ಆಮೇಲೆ ಕುದುರೆಯ ಎರಡು ತಿರುಪು ಚಕ್ರಗಳು. ಅವು ತಳ ಮುಟ್ಟುವಷ್ಟು ಇಳಿದಿದ್ದು, ತಂತಿ ಇನ್ನೂ ಎತ್ತರದಲ್ಲಿದ್ದರೆ ನೆಕ್ಕು ಒಡಲಿನಿಂದ ಎದ್ದಿದೆ ಎಂದು ಅರ್ಥ. ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ. ನೆಕ್ಕನ್ನು ಬಿಚ್ಚಿ ಕೂರಿಸುವ ಖರ್ಚಿಗೆ ಗಿಟಾರಿನ ಬೆಲೆಯೇ ಸಾಲದು. ಎದೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಒಳಗೆ ಎಲ್ಲಾದರೂ ಚರಚರ ಎಂದರೆ ಆಧಾರದ ಪಟ್ಟಿ ಬಿಟ್ಟಿದೆ. ರಂಧ್ರಕ್ಕೆ ಮೂಗು ಹಿಡಿದು ಬೂಷ್ಟಿನ ವಾಸನೆ ನೋಡುವುದನ್ನು ನಾನು ಎಂದೂ ಬಿಡುವುದಿಲ್ಲ.

ಗೌಡರ ಮಗ ನುಡಿಸುತ್ತಿದ್ದ ಗಿಟಾರಿಗೆ ಇದ್ದ ದೋಷ ಒಂದೇ, ಕುದುರೆಯ ಪಾದ. ಹಿಂದಿನಿಂದ ಟಾರ್ಚ್ ಹಿಡಿದಾಗ ಪಾದದ ಕೆಳಗೆ ಬೆಳಕಿನ ತೆಳು ಗೆರೆ ಕಾಣಿಸಿತು. ಪಾದದ ಎರಡು ತುದಿ ಮಾತ್ರ ಎದೆಗೆ ಕೂತಿತ್ತು, ನಡುವೆ ಗಾಳಿ. ತಂತಿಯ ಕಂಪನ ಎದೆಗೆ ಇಳಿಯುವುದು ಆ ಪಾದದ ಮೂಲಕವೇ. ಅಚ್ಚಿನಿಂದ ಬಂದ ಕುದುರೆ ಪ್ರತಿಯೊಂದು ಉಬ್ಬಿಗೂ ಹೊಂದುವುದಿಲ್ಲ. ತಂತಿ ಸಡಿಲಿಸಿ ಕುದುರೆ ತೆಗೆದೆ. ಅದು ಕೂರುವ ಜಾಗದಲ್ಲಿ ಉಜ್ಜುಕಾಗದವನ್ನು ಒರಟು ಮುಖ ಮೇಲಾಗಿ ಅಂಟಿಸಿ, ಪಾದವನ್ನು ಅದರ ಮೇಲೆ ಹಿಂದೆ ಮುಂದೆ ಉಜ್ಜುತ್ತಾ ಹೋದೆ. ಎದೆಯ ಉಬ್ಬೇ ಪಾದವನ್ನು ತನ್ನ ಅಳತೆಗೆ ಕೊರೆಯುತ್ತದೆ. ಅರ್ಧ ಗಂಟೆ ಹಿಡಿಯಿತು. ಮತ್ತೆ ಕೂರಿಸಿ ಟಾರ್ಚ್ ಹಿಡಿದಾಗ ಬೆಳಕು ತೂರಲಿಲ್ಲ. ಹನ್ನೆರಡನೆಯ ಫ್ರೆಟ್ಟಿನ ಸ್ವರವನ್ನೂ ಅದೇ ಜಾಗದಲ್ಲಿ ತಂತಿಯನ್ನು ಒತ್ತದೆ ಬರಿಯ ತಾಗಿಸಿ ಮೀಟಿದಾಗ ಬರುವ ಹಾರ್ಮೋನಿಕ್ಕನ್ನೂ ಟ್ಯೂನರಿನಲ್ಲಿ ಹೋಲಿಸಿ ಕುದುರೆಯ ಜಾಗ ಗೊತ್ತುಮಾಡಿ, ಪಾದದ ಪಕ್ಕ ಪೇಪರ್ ಟೇಪಿನ ಚೂರು ಅಂಟಿಸಿ ಗುರುತು ಇಟ್ಟೆ. ತಂತಿ ಬದಲಿಸುವಾಗ ಒಂದೊಂದಾಗಿ ಬದಲಿಸು, ಎಲ್ಲವನ್ನೂ ಒಮ್ಮೆಗೇ ಬಿಚ್ಚಿದರೆ ಕುದುರೆ ಜಾರುತ್ತದೆ ಎಂದು ಹುಡುಗನಿಗೆ ಎರಡು ಸಲ ಹೇಳಿದೆ.

ಉಳಿದ ಹಣದಲ್ಲಿ ಮೊದಲು ಕೊಂಡದ್ದು ತಂತಿ. ಫ್ಲಾಟ್‌ವೌಂಡ್, 12ರ ದಪ್ಪ (ಅತಿ ತೆಳು ತಂತಿ ಇಂಚಿನ ಸಾವಿರದಲ್ಲಿ 12 ಪಾಲು), ಮೂರನೆಯ ತಂತಿಗೂ ಸುತ್ತು ಇರುವಂಥದ್ದು. ಈ ಮೈ ನುಣುಪಾದ ತಂತಿ ಹಾಕದೆ ಆರ್ಚ್‌ಟಾಪಿನ ನಾದದ ಬಗ್ಗೆ ತೀರ್ಪು ಕೊಡಬಾರದು. ಎಷ್ಟೋ ಗಿಟಾರುಗಳು ಅಂಗಡಿಯಲ್ಲಿ ತೆಳು ತಂತಿ ಹಾಕಿಕೊಂಡು ಕೂತಿರುತ್ತವೆ, ಜನ ಬಾರಿಸಿ 'ಸಪ್ಪೆ' ಎಂದು ಎದ್ದುಹೋಗುತ್ತಾರೆ. 12ರ ತಂತಿಗಳ ಒಟ್ಟು ಸೆಳೆತ 60 ಕೆಜಿಗೂ ಹೆಚ್ಚು, ಆದ್ದರಿಂದ ಹಾಕಿದ ಮೇಲೆ ನೆಕ್ಕನ್ನು ಮತ್ತೊಮ್ಮೆ ನೋಡಲೇಬೇಕು.

ಹೊರಡುವ ಹೊತ್ತಿಗೆ ಗೌಡರು ಬೆರಳುಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿ, "ಇದು ಬೀಟೆಯ ಜಾತಿಯಲ್ಲವೇ?" ಎಂದರು. ಹೌದು, ರೋಸ್‌ವುಡ್. 2017ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದಡಿ ಆ ಕುಲದ ಮರಗಳ ಸಾಗಾಟಕ್ಕೆ ಕಟ್ಟುಪಾಡು ಬಂದಾಗ ಅನೇಕ ಕಂಪನಿಗಳು ಬೇರೆ ಮರಕ್ಕೆ ಹೋದವು. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಈ ಗಿಟಾರ್ ಆ ಕಟ್ಟುಪಾಡಿಗೂ ಹಿಂದಿನದು. ಗೌಡರು ಮತ್ತೆ ಚೌಕಾಶಿ ಮಾಡಲಿಲ್ಲ.

ಮಳೆಗಾಲಕ್ಕೆ ಹೇಳಿಕಳಿಸಿದ್ದು ಇಷ್ಟು: ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡು, ಪೊಟ್ಟಣಗಳನ್ನು ಆಗಾಗ ಒಣಗಿಸು, ಪೆಟ್ಟಿಗೆಯೊಳಗೆ ಸಣ್ಣ ತೇವಮಾಪಕ ಇರಲಿ. ಒಲೆಯ ಮೇಲಿನ ಅಟ್ಟ ಬೇಡ, ಹೊಗೆಯ ಬಿಸಿಗೆ ಅಂಟು ಬಿಡುತ್ತದೆ. ಮಳೆ ಬಡಿಯುವ ಹೊರಗೋಡೆಗೂ ತೂಗುಹಾಕಬೇಡ.

ಆಶ್ಲೇಷ ಮಳೆಯ ನಡುವೆ ಹುಡುಗ ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬಂದ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಅಳತೆಪಟ್ಟಿ ಇಟ್ಟೆ. ಮೇ ತಿಂಗಳಲ್ಲಿ 2 ಮಿಲಿಮೀಟರ್ ಇದ್ದ ತಂತಿಯ ಎತ್ತರ ಎರಡೂಕಾಲು ಆಗಿತ್ತು. ಟೇಪಿನ ಗುರುತಿನ ಪಕ್ಕದಲ್ಲೇ ಕುದುರೆ ಕೂತಿತ್ತು. ಟ್ರಸ್ ರಾಡನ್ನು ಕಾಲು ಸುತ್ತು ಬಿಗಿ ಮಾಡಿ ಅವನ ಕೈಗೆ ಕೊಟ್ಟೆ. ಮಳೆ ನಿಲ್ಲುವವರೆಗೆ ಅಲ್ಲೇ ಕುಳಿತು ನುಡಿಸಿದ.