ಒಂದು ಕಿವಿ ಸಣ್ಣ ಕೇಳಿಸಿದರೆ ಕೆಪಾಸಿಟರ್‌ಗೆ ಕೈ ಹಾಕಬೇಡಿ

ಪ್ರಶ್ನೆ: ಹಳೆಯ ಸ್ಟ್ಯಾಕ್ಸ್ ಲ್ಯಾಂಬ್ಡಾ ಪ್ರೊ ಎಲೆಕ್ಟ್ರೊಸ್ಟ್ಯಾಟಿಕ್ ಹೆಡ್‌ಫೋನ್ ಮತ್ತು ಅದರ ಆಂಪ್ (ಆಂಪ್ಲಿಫೈಯರ್) ತಗೊಂಡಿದ್ದೇನೆ. ಎಡಗಿವಿಯಲ್ಲಿ ಸದ್ದು ಸಣ್ಣ. ಬಯಾಸ್, ಅಂದರೆ ಹೆಡ್‌ಫೋನಿನ ಒಳಹಾಳೆಗೆ ಚಾರ್ಜ್ ಕೊಡುವ ವೋಲ್ಟೇಜ್, 580 ವೋಲ್ಟ್ ಇರಬೇಕಾದಲ್ಲಿ ಮೀಟರ್ 395 ತೋರಿಸುತ್ತಿದೆ. ಆಂಪಿನ ಕೆಪಾಸಿಟರ್ ಎಲ್ಲ ಬದಲಿಸಿದರೆ ಸರಿಹೋಗುತ್ತದೆಯೇ?

ಇಲ್ಲ, ಸರಿಹೋಗುವುದಿಲ್ಲ. ದಯವಿಟ್ಟು ಸೋಲ್ಡರಿಂಗ್ ಕಡ್ಡಿ ಕೆಳಗಿಡಿ, ಇದನ್ನು ಪೂರ್ತಿ ಓದಿ, ಆಮೇಲೆ ಬೇಕಿದ್ದರೆ ಎತ್ತಿಕೊಳ್ಳಿ.

ಈ ಪ್ರಶ್ನೆ ವಿಜಯಪುರದಿಂದ ಬರುತ್ತದೆ, ಬಾಗಲಕೋಟೆಯ ನವನಗರದಿಂದ ಬರುತ್ತದೆ, ಇಲ್ಲೇ ಬೆಳಗಾವಿಯ ಟಿಳಕವಾಡಿಯಿಂದಲೂ ಬರುತ್ತದೆ. ಆಂಪ್ ಬೇರೆ ಇರುತ್ತದೆ, ಹೆಡ್‌ಫೋನ್ ಬೇರೆ ಇರುತ್ತದೆ, ಕೊನೆಗೆ ಬಂದು ನಿಲ್ಲುವುದು ಮಾತ್ರ ಕೆಪಾಸಿಟರ್ ಹತ್ತಿರವೇ. ಹಳೆಯ ಸಾಮಾನು ಎಂದರೆ ಮೊದಲು ಕೆಪಾಸಿಟರ್ ಕಿತ್ತೆಸೆಯಬೇಕು ಎಂದು ಯಾರು ಯಾವಾಗ ಹೇಳಿಕೊಟ್ಟರೋ, ಆ ಮಾತು ಬೇರುಬಿಟ್ಟು ಕೂತಿದೆ. ಹಳೆಯ ರೇಡಿಯೊಗೆ ಅದು ಬಹುಮಟ್ಟಿಗೆ ನಿಜವೂ ಹೌದು. ನೀವು ಹೇಳುತ್ತಿರುವ ದೋಷಕ್ಕೆ ಮಾತ್ರ ಅದಕ್ಕೂ ಸಂಬಂಧವೇ ಇಲ್ಲ. ಯಾಕೆಂದು ಬಿಡಿಸಿ ಹೇಳುತ್ತೇನೆ.

ಈ ಹೆಡ್‌ಫೋನಿನ ಪ್ರತಿ ಕಿವಿಯಲ್ಲೂ ಚಾರ್ಜ್ ತುಂಬಿದ ತೆಳು ಹಾಳೆ ಇರುತ್ತದೆ, ಅದೇ ಡಯಾಫ್ರಂ. ಅದರ ಎರಡೂ ಬದಿಯ ತೂತಿನ ತಟ್ಟೆಗಳು ಸ್ಟೇಟರ್. ಹಾಡಿನ ಸಿಗ್ನಲ್ ಸ್ಟೇಟರ್‌ಗಳಿಗೆ ಹೋಗಿ ಹಾಳೆಯನ್ನು ಅತ್ತಿತ್ತ ಎಳೆಯುತ್ತದೆ, ಸದ್ದು ಹುಟ್ಟುವುದು ಹಾಗೆ. ಈಗ ಪ್ರೊ ಹೆಡ್‌ಫೋನಿನ ಪ್ಲಗ್ ಕೈಯಲ್ಲಿ ಹಿಡಿದು ನೋಡಿ. ಐದು ಪಿನ್ ಇವೆ. ಎಡಗಿವಿಯ ಎರಡು ಸ್ಟೇಟರ್‌ಗೆ ಎರಡು, ಬಲಗಿವಿಯ ಎರಡು ಸ್ಟೇಟರ್‌ಗೆ ಎರಡು. ಉಳಿದದ್ದು ಒಂದು, ಅದೇ ಬಯಾಸ್. ಎರಡೂ ಕಿವಿಯ ಡಯಾಫ್ರಂಗೆ ಚಾರ್ಜ್ ಹೋಗುವುದು ಆ ಒಂದೇ ಪಿನ್ನಿನಿಂದ. ಪ್ಲಗ್ ದಾಟಿದ ಮೇಲಷ್ಟೇ ತಂತಿ ಎರಡಾಗಿ ಎಡಕ್ಕೊಂದು ಬಲಕ್ಕೊಂದು ಹೋಗುತ್ತದೆ. ಹಾಗಿದ್ದ ಮೇಲೆ ಆಂಪಿನಲ್ಲಿ ಬಯಾಸ್ ಇಳಿದರೆ ಏನಾಗಬೇಕು? ಎರಡೂ ಕಿವಿ ಒಟ್ಟಿಗೆ ಸಣ್ಣಗಾಗಬೇಕು. 580 ಇದ್ದದ್ದು ನಿಜವಾಗಿ 395ಕ್ಕೆ ಬಂದಿದ್ದರೆ ಎರಡೂ ಕಡೆ ಮೂರು ಡೆಸಿಬೆಲ್‌ಗಿಂತ ತುಸು ಹೆಚ್ಚು ಕಡಿಮೆಯಾಗುತ್ತಿತ್ತು. ಎಡಗಿವಿಯೊಂದನ್ನೇ ಆರಿಸಿ ಸಣ್ಣ ಮಾಡುವ ದಾರಿ ಬಯಾಸ್ ಸರ್ಕ್ಯೂಟಿಗೆ ಇಲ್ಲ.

ಮತ್ತೆ ಮೀಟರ್ ಯಾಕೆ 395 ತೋರಿಸಿತು? ಸಾಕೆಟ್‌ಗೆ ಹೋಗುವ ಮುನ್ನ ಬಯಾಸ್ ದಾರಿಯಲ್ಲಿ ಬಹು ದೊಡ್ಡ ರೆಸಿಸ್ಟರ್ ಕೂತಿರುತ್ತದೆ. 4.7 ಮೆಗಾಓಮ್ ಎಂದಿಟ್ಟುಕೊಳ್ಳಿ. ನಿಮ್ಮ ಮೀಟರಿನ ಒಳಗಿನ ರೋಧ 10 ಮೆಗಾಓಮ್. ಎರಡೂ ಸೇರಿ 14.7. 580ನ್ನು 14.7ರಿಂದ ಭಾಗಿಸಿ 10ರಿಂದ ಗುಣಿಸಿ. 395 ಬರುತ್ತದೆ. ಅಂದರೆ ನಿಮ್ಮ ಬಯಾಸ್ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ, ಮೀಟರೇ ಅದನ್ನು ಕೆಳಗೆ ಎಳೆದಿದೆ. ಸಂತೆಯಲ್ಲಿ ಸಿಗುವ ಹಳದಿ ಮೀಟರ್‌ಗಳಲ್ಲಿ ಒಳಗಿನ ರೋಧ 1 ಮೆಗಾಓಮ್ ಮಾತ್ರ. ಅದನ್ನು ಹಿಡಿದರೆ ಅದೇ ಆಂಪ್, ಅದೇ ಪಿನ್, ಹತ್ತಿರಹತ್ತಿರ 100 ವೋಲ್ಟ್ ತೋರಿಸುತ್ತದೆ. 230 ವೋಲ್ಟ್ ಬಯಾಸಿನ ಹಳೆಯ ಆಂಪಿನಲ್ಲಿ 10 ಮೆಗಾಓಮ್ ಮೀಟರ್‌ಗೆ ಸಿಗುವುದು 156ರ ಆಸುಪಾಸು. ಹೆಡ್‌ಫೋನಿನ ಡಯಾಫ್ರಂ ಮೀಟರಿನ ಹಾಗೆ ಕರೆಂಟ್ ಎಳೆಯುವುದಿಲ್ಲ. ಒಮ್ಮೆ ಚಾರ್ಜ್ ಆಯಿತೆಂದರೆ ಅದು ಬೇಡುವುದು ಶೂನ್ಯಕ್ಕೆ ಸಮ. ಹಾಗಾಗಿ ಅದಕ್ಕೆ ಪೂರ್ತಿ 580 ಸಿಗುತ್ತಲೇ ಇರುತ್ತದೆ.

ಈ ಗುಣಾಕಾರ ಮಾಡದೆ ಬೆಂಗಳೂರಿನ ಎಸ್.ಪಿ. ರೋಡಿನಿಂದಲೋ ಮುಂಬೈಯ ಲ್ಯಾಮಿಂಗ್ಟನ್ ರೋಡಿನಿಂದಲೋ ಕೆಪಾಸಿಟರ್ ತರಿಸಿ, ಬಯಾಸ್ ಏರಿಸುವ ಡಯೋಡ್-ಕೆಪಾಸಿಟರ್ ಸರಪಳಿಯನ್ನು ಪೂರ್ತಿ ಕಿತ್ತು ಹೊಸದು ಕೂರಿಸಿದವರು ಇದ್ದಾರೆ. ಆಮೇಲೆ ಮೀಟರ್ ಹಿಡಿದರೆ ಮತ್ತೆ ಅದೇ 395. ಆಗ ಹೊಸ ಕೆಪಾಸಿಟರ್ ನಕಲಿ ಎಂಬ ತೀರ್ಮಾನಕ್ಕೆ ಬರುತ್ತಾರೆ! ಅಷ್ಟರೊಳಗೆ ಹಳೆಯ ಬೋರ್ಡಿನ ತಾಮ್ರದ ಗೆರೆ ಕಡ್ಡಿಯ ಕಾವಿಗೆ ಎದ್ದು ಬಂದಿರುತ್ತದೆ. ನಲವತ್ತು ವರ್ಷ ತೊಂದರೆ ಕೊಡದೆ ನಡೆದ ಆಂಪ್ ಆಗ ನಿಜವಾಗಿಯೂ ಕೆಡುತ್ತದೆ. ನನಗೆ ಸಂಕಟವಾಗುವುದು ಇದನ್ನು ನೋಡಿದಾಗ. ಬಯಾಸ್ ಅಳೆಯಲೇಬೇಕೆಂದರೆ ಒಂದೋ ಹೈ ವೋಲ್ಟೇಜ್ ಪ್ರೋಬ್ ಬಳಸಿ, ಇಲ್ಲವೇ ಮೇಲಿನ ಲೆಕ್ಕ ಹಾಕಿ. ಲೆಕ್ಕ ಹಾಕದೆ ಬರೀ ಪಿನ್ನಿನಲ್ಲಿ ಅಳೆದು ತಲೆ ಕೆಡಿಸಿಕೊಳ್ಳಬೇಡಿ.

ಕೆಪಾಸಿಟರ್ ಎಂದೂ ಕೆಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಎರಡೂ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಕೂತಿದ್ದರೆ, ಪವರ್ ಸಪ್ಲೈನ ದೊಡ್ಡ ಕೆಪಾಸಿಟರಿನ ತಲೆ ಉಬ್ಬಿದ್ದರೆ, ಬದಲಿಸಿ. ಅದು ಬೇರೆ ರೋಗ, ಬೇರೆ ಲಕ್ಷಣ.

ಈಗ ನಿಮ್ಮ ಎಡಗಿವಿಗೆ ಬರೋಣ. ಮೊದಲು ಹೆಡ್‌ಫೋನನ್ನು ಎಡಬಲ ತಿರುಗಿಸಿ ಹಾಕಿಕೊಳ್ಳಿ. ಆಗಲೂ ನಿಮ್ಮ ಎಡಗಿವಿಗೇ ಸಣ್ಣ ಕೇಳಿಸಿದರೆ ಕಿವಿ ಡಾಕ್ಟರ್ ಹತ್ತಿರ ಹೋಗಬೇಕು, ನನ್ನ ಹತ್ತಿರ ಅಲ್ಲ. ಇದನ್ನು ಗಂಭೀರವಾಗಿಯೇ ಹೇಳುತ್ತಿದ್ದೇನೆ, ಕಿವಿಯ ಗುಗ್ಗೆಯಿಂದ ಹೀಗಾಗುವುದು ಅಪರೂಪವಲ್ಲ. ಸಣ್ಣ ಸದ್ದು ಬಲಗಿವಿಗೆ ದಾಟಿತೆಂದರೆ ಮುಂದಿನ ಹೆಜ್ಜೆ. ಆಂಪಿನ ಹಿಂದಿನ ಎರಡು ಇನ್‌ಪುಟ್ ತಂತಿ ಅದಲುಬದಲು ಮಾಡಿ. ದೋಷ ಇನ್ನೊಂದು ಬದಿಗೆ ಹಾರಿದರೆ ಅದು ಪ್ಲೇಯರಿನದು ಅಥವಾ ತಂತಿಯದು. ಇದ್ದಲ್ಲೇ ಇದ್ದರೆ ಆಂಪಿನ ಆ ಚಾನೆಲ್ ಅಥವಾ ಹೆಡ್‌ಫೋನಿನ ಆ ಡ್ರೈವರ್, ಅಂದರೆ ಡಯಾಫ್ರಂ ಮತ್ತು ಸ್ಟೇಟರ್ ಸೇರಿದ ಭಾಗ. ಗೆಳೆಯರ ಇನ್ನೊಂದು ಹೆಡ್‌ಫೋನ್ ಸಿಕ್ಕಿ ಅದು ಸರಿಯಾಗಿ ನುಡಿದರೆ ಆಂಪ್ ನಿರಪರಾಧಿ. ಬಹಳ ಸಲ ಆಗುವುದು ಇದೇ.

ಪರೀಕ್ಷೆಗೆ ಹಳೆಯ ಮೊನೊ ಧ್ವನಿಮುದ್ರಣ ಬಳಸಿ, ಸ್ಟೀರಿಯೊ ಬೇಡ. ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹಳೆಯ ಮೊನೊ ಮುದ್ರಣ ಯಾವುದಾದರೂ ಹಾಕಿ. ದನಿ ಹಣೆಯ ನಟ್ಟನಡುವೆ ನಿಲ್ಲಬೇಕು, ತಂಬೂರಿಯೂ ಅಲ್ಲೇ. ದನಿ ಒಂದು ಕಡೆ ಸರಿದು ನಿಂತರೆ ಎಷ್ಟು ಸರಿದಿದೆಯೋ ಅಷ್ಟು ದೋಷ. ಮೀಟರಿಗಿಂತ ಇದು ಬೇಗ ಹೇಳುತ್ತದೆ.

ಡ್ರೈವರಿನದೇ ದೋಷ ಎಂದು ಖಾತ್ರಿಯಾದ ಮೇಲೆ ಗಡಿಯಾರ ನೋಡಿಕೊಂಡು ಕೇಳಿ. ಆನ್ ಮಾಡಿದಾಗ ಸರಿಯಿದ್ದು, ಅರ್ಧ ಗಂಟೆಯಲ್ಲಿ ಕ್ರಮೇಣ ಸಣ್ಣಗಾದರೆ ಚಾರ್ಜ್ ಎಲ್ಲೋ ಸೋರುತ್ತಿದೆ, ಧೂಳೋ ತೇವವೋ ಡಯಾಫ್ರಂ ಮತ್ತು ಸ್ಟೇಟರ್ ನಡುವೆ ಸೇತುವೆ ಕಟ್ಟಿದೆ. ಮೊದಲು ಸಣ್ಣಗಿದ್ದು ತಡವಾಗಿ ಏರಿದರೆ ಡಯಾಫ್ರಂ ಮೇಲಿನ ಲೇಪನಕ್ಕೆ ಚಾರ್ಜ್ ಸರಿಯಾಗಿ ಮುಟ್ಟುತ್ತಿಲ್ಲ. ಬಹುತೇಕ ಏನೂ ಕೇಳದಿದ್ದರೆ ಆ ಕಡೆಯ ಬಯಾಸ್ ತಂತಿ ತುಂಡಾಗಿರಬಹುದು, ಕೇಬಲ್ ಬಾಗುವ ಜಾಗ ನೋಡಿ.

ಧೂಳಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಲ್ಯಾಂಬ್ಡಾದ ಡಯಾಫ್ರಂ ಒಂದೆರಡು ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ. ಅದರ ಎರಡೂ ಬದಿಗೆ ತೂತುತೂತಾದ ಸ್ಟೇಟರ್, ನಡುವಿನ ಸಂದು ಒಂದು ಮಿಲಿಮೀಟರಿಗಿಂತ ಕಡಿಮೆ. ಗುಳೇದಗುಡ್ಡದಿಂದ ಒಂದು ಲ್ಯಾಂಬ್ಡಾ ನನ್ನ ಮೇಜಿಗೆ ಬಂದಿತ್ತು. ಆ ಮನೆಯ ಮುಂದಿನ ಕೋಣೆಯಲ್ಲಿ ಖಣದ ಮಗ್ಗ. ಡ್ರೈವರ್‌ಗೆ ಓರೆಯಾಗಿ ಟಾರ್ಚ್ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಸ್ಟೇಟರಿನ ಒಂದು ತೂತಿನ ಅಂಚಿಗೆ ಹತ್ತಿಯ ಎಳೆ ಅಂಟಿಕೊಂಡು ಮಲಗಿತ್ತು. ಬಯಾಸ್ ಕೊಟ್ಟು ತುಸು ಹೊತ್ತು ಕಾಯುತ್ತಿದ್ದ ಹಾಗೆ ಅದು ಮೆಲ್ಲಗೆ ಎದ್ದು ನಿಂತಿತು, ತುದಿ ಡಯಾಫ್ರಂ ಮುಟ್ಟಿತು, ಚಟ್ ಎಂದಿತು, ಮತ್ತೆ ಮಲಗಿತು. ಅಷ್ಟೇ ರೋಗ. ಮೇಲಿನ ತೆಳು ಧೂಳುಹಾಳೆ ಒಂದು ಮೂಲೆಯಲ್ಲಿ ಹರಿದಿತ್ತು, ಎಳೆ ಒಳಗೆ ಹೋದದ್ದು ಅಲ್ಲಿಂದ. ಚಾರ್ಜ್ ಇರುವ ಹಾಳೆ ಧೂಳನ್ನು ತಾನೇ ಕರೆದುಕೊಳ್ಳುತ್ತದೆ, ಹಾಗಾಗಿ ಆ ಹೊರಹಾಳೆ ಹರಿದ ಹೆಡ್‌ಫೋನನ್ನು ಒಂದು ದಿನವೂ ಬಳಸಬಾರದು. ಇನ್ನೊಂದು ಕಡೆಯಿಂದಲೂ ಧೂಳು ಬರುತ್ತದೆ: ಹಳೆಯ ಲ್ಯಾಂಬ್ಡಾಗಳ ಒಳಗಿನ ಫೋಮ್ ವರ್ಷಗಳು ಕಳೆದಂತೆ ಪುಡಿಪುಡಿಯಾಗಿ ಉದುರುತ್ತದೆ. ಪ್ಯಾಡ್ ಬಿಚ್ಚಿದಾಗ ಕೈಗೆ ಅಂಟುವ ಆ ಕರಿ ಪುಡಿಯನ್ನು ಮೊದಲು ತೆಗೆದುಹಾಕಿ.

ಶುಚಿ ಮಾಡುವಾಗ ಆಂಪಿನಿಂದ ಪ್ಲಗ್ ಕಿತ್ತು, ಪ್ಲಗ್ಗಿನ ಎಲ್ಲ ಪಿನ್‌ಗಳನ್ನು ಒಂದಕ್ಕೊಂದು ಮುಟ್ಟಿಸಿ ಚಾರ್ಜ್ ಇಳಿಸಿ. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಹಾಳೆ ಹರಿಯುತ್ತದೆ. ಡಯಾಫ್ರಂ ಮೇಲೆ ಸ್ಪಿರಿಟ್ ಹತ್ತಿ ಆಡಿಸಬೇಡಿ, ಲೇಪನ ಹೋಗುತ್ತದೆ, ಹೋದದ್ದು ಮನೆಯಲ್ಲಿ ವಾಪಸ್ ಬರುವುದಿಲ್ಲ. ಅಂಟು ಹಾಕಿ ಮುಚ್ಚಿದ ಡ್ರೈವರನ್ನು ಚಾಕು ಹಾಕಿ ಬಿಡಿಸಬೇಡಿ.

ಬೆಳಗಾವಿಯವರಿಗೆ ಧೂಳಿಗಿಂತ ಮಳೆಗಾಲವೇ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆಯೇ ಬೆವರುತ್ತದೆ, ಖಾನಾಪುರದ ಕಡೆ ಇನ್ನೂ ಹೆಚ್ಚು. ಆ ದಿನಗಳಲ್ಲಿ ಚಾರ್ಜ್ ಸೋರಿ ಸದ್ದು ಕುಗ್ಗಿದರೆ ಗಾಬರಿಯಾಗಬೇಕಿಲ್ಲ. ಗಾಳಿಯಾಡದ ಡಬ್ಬದಲ್ಲಿ ನೀಲಿ ಸಿಲಿಕಾ ಜೆಲ್ ಜೊತೆ ಎರಡು ಮೂರು ದಿನ ಇಡಿ, ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಹುರಿದು ಮತ್ತೆ ಬಳಸಿ. ಅಕ್ಕಿ ಡಬ್ಬದಲ್ಲಿ ಇಡಬೇಡಿ, ಅಕ್ಕಿಯ ಹಿಟ್ಟು ಒಳಗೆ ಹೋಗುತ್ತದೆ. ಬಿಸಿಲಿಗೂ ಇಡಬೇಡಿ. ವಿಜಯಪುರದ ಮೇ ತಿಂಗಳ ಬಿಸಿಲಿಗೆ ಮಾಳಿಗೆಯ ಮೇಲೆ ಒಣಗಿಸಿದರೆ ಅಂಟು ಸಡಿಲಾಗಿ ಹಾಳೆಯ ಬಿಗಿ ಹೋಗುತ್ತದೆ. ಬಿಗಿ ಕಳೆದುಕೊಂಡ ಹಾಳೆ ಹೋಗಿ ಸ್ಟೇಟರಿಗೆ ಅಂಟಿ ಕೂತುಬಿಡುತ್ತದೆ.

ಶಾಕ್ ಬಗ್ಗೆ ಒಂದು ಮಾತು. 580 ವೋಲ್ಟ್ ಕಿವಿಯ ಪಕ್ಕ ಇದೆ ಎಂದು ಹೆದರುವವರು ಅದೇ ಆಂಪಿನ ಮುಚ್ಚಳ ತೆಗೆದು ಒಳಗೆ ಧೈರ್ಯವಾಗಿ ಕೈ ಹಾಕುತ್ತಾರೆ. ಭಯ ತಪ್ಪು ಜಾಗದಲ್ಲಿದೆ. ಆ ದೊಡ್ಡ ರೆಸಿಸ್ಟರ್ ಇರುವುದರಿಂದ ಬಯಾಸ್ ಪಿನ್ನಿನಿಂದ ನಿರಂತರ ಹರಿಯಬಲ್ಲದ್ದು 0.12 ಮಿಲಿಆಂಪ್‌ನಷ್ಟು. ಆಂಪಿನ ಒಳಗೆ ಮಾತ್ರ ನೂರಾರು ವೋಲ್ಟಿನ ಸಪ್ಲೈ ಇದೆ, ಅದಕ್ಕೆ ಅಂಥ ತಡೆ ಏನೂ ಇಲ್ಲ. ಸ್ವಿಚ್ ಆರಿಸಿದ ಮೇಲೂ ಅದು ಕೆಪಾಸಿಟರ್‌ಗಳಲ್ಲಿ ಕೂತಿರುತ್ತದೆ. ಮೀಟರಿನಲ್ಲಿ ಶೂನ್ಯ ಕಾಣುವ ತನಕ ಮುಟ್ಟಬೇಡಿ.

ನೀವು ಕೇಳಿಲ್ಲ, ಆದರೂ ಮುಂದಿನ ಪತ್ರ ಇದೇ ಇರುತ್ತದೆಂದು ಗೊತ್ತಿರುವುದರಿಂದ ಹೇಳಿಬಿಡುತ್ತೇನೆ. ಆಂಪ್ ದುಬಾರಿ, ಸ್ಪೀಕರ್ ತಂತಿಗೆ ಕಟ್ಟುವ ಎಸ್‌ಆರ್‌ಡಿ-7 ಥರದ ಡಬ್ಬಿ ಅಗ್ಗ, ಅದು ಸಾಕೇ? ಸಾಕು. ಅದರೊಳಗೆ ಸದ್ದನ್ನು ಏರಿಸುವ ಟ್ರಾನ್ಸ್‌ಫಾರ್ಮರ್‌ಗಳು ಮತ್ತು ಬಯಾಸ್ ಸಪ್ಲೈ ಇವೆ. ಹಿಂದೆ ಒಳ್ಳೆಯ, ಗುಂಯ್‌ಗುಡದ ಸ್ಟೀರಿಯೊ ಆಂಪ್ ಇದ್ದರೆ ಹೆಡ್‌ಫೋನ್ ಚೆನ್ನಾಗಿ ನುಡಿಯುತ್ತದೆ. ಡಬ್ಬಿಯನ್ನು ಕೀಳೆಂದು ನೋಡುವವರ ಮಾತು ಕೇಳಬೇಡಿ. ಸಾಕೆಟ್ ಮಾತ್ರ ನೋಡಿ ತಗೊಳ್ಳಿ. 1982ರಲ್ಲಿ ಲ್ಯಾಂಬ್ಡಾ ಪ್ರೊ ಬರುವ ತನಕ ಬಹುತೇಕ 230 ವೋಲ್ಟ್ ಬಯಾಸಿನವು, ಪ್ಲಗ್ಗಿಗೆ ನಡುವೆ ಆರನೇ ಪಿನ್. ನಿಮ್ಮ ಐದು ಪಿನ್ ಪ್ರೊ ಹಳೆಯ ಸಾಕೆಟ್‌ಗೆ ಕೂರುತ್ತದೆ, ಎಂಟು ಡೆಸಿಬೆಲ್‌ನಷ್ಟು ಸಣ್ಣ ನುಡಿಯುತ್ತದೆ, ಹಾನಿಯಿಲ್ಲ. ಹಳೆಯ ಆರು ಪಿನ್ನಿನ ಹೆಡ್‌ಫೋನ್ ಪ್ರೊ ಸಾಕೆಟ್‌ಗೆ ಹೋಗುವುದಿಲ್ಲ. ಹೋಗಬಾರದೆಂದೇ ಪ್ರೊ ಸಾಕೆಟ್‌ನಲ್ಲಿ ನಡುವಿನ ತೂತು ಇಟ್ಟಿಲ್ಲ. ಆ ಆರನೇ ಪಿನ್ ಕತ್ತರಿಸಿ ಸೇರಿಸುವವರಿದ್ದಾರೆ, ಹಾಗೆ ಮಾಡಬೇಡಿ.

ಜಪಾನಿನಿಂದ ತರಿಸಿದ ಡಬ್ಬಿ, ಆಂಪ್ ಎರಡನ್ನೂ ಮೊದಲು ತಿರುಗಿಸಿ ಹಿಂಬದಿ ಓದಿ. 100 ವೋಲ್ಟ್ ಎಂದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಗೋಡೆಯ ಪ್ಲಗ್ಗಿಗೆ ಹಾಕಬಾರದು. ಮತ್ತೆ, ನಮ್ಮ ಕಡೆ ಸೌಂಡ್ ಸರ್ವಿಸ್‌ನವರ ಹಳೆಯ ಆಂಪ್ ಸುಲಭವಾಗಿ ಸಿಗುತ್ತದೆ, ಅದಕ್ಕೇ ಡಬ್ಬಿ ಕಟ್ಟಲು ಹೋಗುತ್ತಾರೆ. ಅಂಥ ಆಂಪಿನ ಹಿಂದೆ 4, 8, 16 ಓಮ್ ಜೊತೆಗೆ 70 ಮತ್ತು 100 ವೋಲ್ಟ್ ಲೈನ್ ಎಂದು ಬರೆದ ಟರ್ಮಿನಲ್‌ಗಳೂ ಇರುತ್ತವೆ. ಪೆಂಡಾಲಿನ ಭೋಂಗಾಗಳಿಗೆ ಉದ್ದ ತಂತಿ ಎಳೆಯುವುದು ಆ ಲೈನಿನಿಂದ. ಡಬ್ಬಿಯನ್ನು 8 ಓಮ್ ಟರ್ಮಿನಲ್‌ಗೆ ಮಾತ್ರ ಕಟ್ಟಿ, ವಾಲ್ಯೂಮ್ ಸೊನ್ನೆಯಿಂದ ಏರಿಸಿ. ಅಂಥ ಆಂಪ್ ಮೊನೊ ಆಗಿರುವುದರಿಂದ ಎರಡು ಕಿವಿಗೆ ಒಂದೇ ಮಾದರಿಯ ಎರಡು ಬೇಕಾಗುತ್ತವೆ.