ಚೀಪಲು ಬರುತ್ತೆ, ಮತ್ತೆ ಟ್ಯೂಬ್ ಯಾಕೆ?

ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಹಾಲು ಕೊಡುವ ಟೇಬಲ್ ಎಲ್ಲರ ನೋಟ್ಸಿನಲ್ಲೂ ಇದೆ. ಗರ್ಭದ ವಾರಗಳ ಲೆಕ್ಕದಲ್ಲಿ 28 ವಾರಕ್ಕಿಂತ ಕಡಿಮೆ ಇದ್ದರೆ ಮೊದಲಿಗೆ ಡ್ರಿಪ್. 28ರಿಂದ 31 ಇದ್ದರೆ ಟ್ಯೂಬ್, ಅಂದರೆ ಹೊಟ್ಟೆಗೆ ನೇರವಾಗಿ ಹಾಲು ಬಿಡುವ ಸಣ್ಣ ನಳಿಕೆ. 32ರಿಂದ 34 ಇದ್ದರೆ ಒಳಲೆ (ಮೂತಿಯಿರುವ ಪುಟ್ಟ ಬಟ್ಟಲು) ಅಥವಾ ಚಮಚ. 34 ದಾಟಿದರೆ ನೇರ ಎದೆಹಾಲು. 30 ವಾರಕ್ಕೆ ಹುಟ್ಟಿ 3 ವಾರ ಕಳೆದ ಮಗುವನ್ನು 33 ಎಂದೇ ಲೆಕ್ಕ ಹಿಡಿಯಿರಿ.

ನನ್ನ ತಲೆ ತಿಂದದ್ದು ಬೇರೆ. 29 ವಾರದ ಮಗುವಿನ ಬಾಯಿಗೆ ಬೆರಳಿಟ್ಟರೆ ಚೀಪುತ್ತದೆ. ಹೊಟ್ಟೆಯೊಳಗಿದ್ದಾಗಲೇ ಕಲಿತ ವಿದ್ಯೆ ಅದು. ಹಾಗಿದ್ದರೆ ಹಾಲು ಕುಡಿಯಲು ಏನು ಅಡ್ಡಿ?

ಅಡ್ಡಿ ಇರುವುದು ಉಸಿರಿನಲ್ಲಿ. ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಲೇಬೇಕು. ಇಲ್ಲದಿದ್ದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಅಂದರೆ ಪ್ರತಿ ಗುಟುಕಿಗೂ ಉಸಿರು ಒಂದು ಕ್ಷಣ ನಿಲ್ಲುತ್ತದೆ. ಈಗ ಲೆಕ್ಕ ಹಾಕಿ. ನವಜಾತ ಶಿಶು ನಿಮಿಷಕ್ಕೆ 40ರಿಂದ 60 ಸಲ ಉಸಿರಾಡುತ್ತದೆ, ಅಂದರೆ ಒಂದು ಉಸಿರಿಗೆ ಒಂದು, ಒಂದೂವರೆ ಸೆಕೆಂಡು. ಹಾಲು ಬರುವಾಗ ಚೀಪುವುದು ಸೆಕೆಂಡಿಗೆ ಸುಮಾರು ಒಂದು ಸಲ. ಪ್ರತಿ ಸಲವೂ ನುಂಗುತ್ತಾ ಹೋದರೆ ಉಸಿರಿಗೆ ಜಾಗ ಎಲ್ಲಿ? ದಿನ ತುಂಬಿ ಹುಟ್ಟಿದ ಮಗು ಸಿಕ್ಕ ಸಂದಿಯಲ್ಲೇ ಉಸಿರು ಎಳೆದುಕೊಳ್ಳುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಪುಟ್ಟದಕ್ಕೆ ಅದು ಬರದು. ಒಂದೇ ಸಮ ನುಂಗುತ್ತಾ ಹೋಗುತ್ತದೆ, ಮಾನಿಟರ್‌ನಲ್ಲಿ ಸ್ಯಾಚುರೇಶನ್ (ರಕ್ತದ ಆಮ್ಲಜನಕದ ಮಟ್ಟ) ಇಳಿಯುತ್ತದೆ. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರರ ಹೊಂದಾಣಿಕೆ 32–34 ವಾರದ ಸುಮಾರಿಗೆ ಶುರುವಾಗಿ, ಆಮೇಲೆ ನಿಧಾನವಾಗಿ ಪಕ್ವವಾಗುತ್ತದೆ.

ಬೆರಳು ಚೀಪುವಾಗ ನುಂಗಲು ಹಾಲಿಲ್ಲ, ಹಾಗಾಗಿ ವೇಗ ಸೆಕೆಂಡಿಗೆ ಎರಡು. ನನಗೆ ಇಷ್ಟವಾದ ಗುರುತು ಇದೇ: ಚಕಚಕ ಚೀಪಿದರೆ ಖಾಲಿ, ನಿಧಾನವಾಗಿ ಆಳವಾಗಿ ಎಳೆದರೆ ಹಾಲು ಬರುತ್ತಿದೆ.

ಖಾಲಿ ಚೀಪುವಿಕೆಯೇ ಅಭ್ಯಾಸ. ತಾಯಿ ಮೊದಲು ಹಾಲು ಹಿಂಡಿ ತೆಗೆಯಬೇಕು. ನಂತರ ಮಗುವನ್ನು ಕಾಂಗರೂ ಆರೈಕೆಯಲ್ಲಿ, ಅಂದರೆ ಚರ್ಮಕ್ಕೆ ಚರ್ಮ ತಾಗುವಂತೆ, ಎದೆಗೆ ಒರಗಿಸಿ, ಬರಿದಾದ ಮೊಲೆಯನ್ನು ಚೀಪಲು ಬಿಡುವುದು. ಅದೇ ಹೊತ್ತಿಗೆ ಟ್ಯೂಬಿನಲ್ಲಿ ಹಾಲು ಹೋಗಲಿ. ಹೀಗೆ ಮಾಡಿದರೆ ಟ್ಯೂಬ್ ಬೇಗ ಬಿಡಿಸಬಹುದು. ಕೆಲವರು ಇದನ್ನು ಸುಮ್ನೆ ಸಮಾಧಾನಕ್ಕೆ ಅಂದುಕೊಳ್ಳುತ್ತಾರೆ, ಹಾಗಲ್ಲ.

ಒಳಲೆ: ಮಗುವಿನ ತಲೆ ಎತ್ತರಿಸಿ ಹಿಡಿದು, ಮೂತಿಯನ್ನು ಬಾಯಿಯ ಮೂಲೆಗಿಟ್ಟು, ಸ್ವಲ್ಪ ಬಗ್ಗಿಸಿ. ನುಂಗಿದ ಮೇಲೆಯೇ ಮುಂದಿನ ಗುಟುಕು. ಗಡಿಬಿಡಿ ಮಾಡುವವರೇ ಜಾಸ್ತಿ.

ಬಾಯಿಗೆ ಕೈ ತಂದರೆ, ನಾಲಿಗೆ ಚಾಚಿದರೆ ಕೊಡಿ. ಬೆರಳುಗಳು ಬೀಸಣಿಗೆಯಂತೆ ಅರಳಿದರೆ, ಹಾಲು ಕಟಬಾಯಿಂದ ಸೋರಿದರೆ, ತುಟಿಯ ಸುತ್ತ ಬಣ್ಣ ಬದಲಾದರೆ ತಕ್ಷಣ ನಿಲ್ಲಿಸಿ. ಮಗು ಚೇತರಿಸಿಕೊಂಡ ಮೇಲೆ ಉಳಿದದ್ದು ಟ್ಯೂಬಿನಲ್ಲಿ ಹೋಗಲಿ.